ಹೆರುವುದು ನಿಂತ ಮೇಲೆ

ನನಗೆ ಹಾರ್ಟ್ ಅಟ್ಯಾಕ್ ಆಗುತ್ತಿದೆ ಎಂದು ಆಫೀಸಿಗೆ ಆಂಬ್ಯುಲೆನ್ಸ್ ಬಂದದ್ದು ಜೂನ್ ತಿಂಗಳ ಒಂದು ಬೆಳಿಗ್ಗೆ. ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ, ಒಂದು ಬ್ಯಾಂಕಿನ ಐಟಿ ವಿಭಾಗದಲ್ಲಿ ನನ್ನ ಕೆಲಸ. ಹೊರಗೆ ನೀರಿನ ಮೇಲಿಂದ ಬೀಸುವ ಗಾಳಿಗೆ ಕಿವಿ ನೋಯುತ್ತಿತ್ತು. ಟ್ರಾಮ್ ಇಳಿದು ಬಂದವರು ಮೀಟಿಂಗ್ ರೂಮಿನಲ್ಲೂ ಕೋಟು ಬಿಚ್ಚದೆ ಕೂತಿದ್ದರು. ನಾನು ಸ್ಕ್ರೀನಿನ ಮುಂದೆ ನಿಂತು ಮಾತಾಡುತ್ತಿದ್ದೆ. ಇದ್ದಕ್ಕಿದ್ದಂತೆ ಎದೆಯ ನಡುವಿನಿಂದ ಬೆಂಕಿ ಎದ್ದ ಹಾಗಾಯಿತು. ಅದು ಕುತ್ತಿಗೆಗೆ, ಕಿವಿಗೆ, ನೆತ್ತಿಗೆ ಏರಿತು. ಎದೆ ಡವಡವ ಹೊಡೆದುಕೊಂಡಿತು, ಬೆನ್ನಿನ ಮೇಲೆ ಬೆವರಿಳಿಯಿತು. ನನ್ನ ಅಪ್ಪ ಹೋದದ್ದು ಹೀಗೆಯೇ, ಐವತ್ತೆರಡನೆಯ ವಯಸ್ಸಿನಲ್ಲಿ, ಬೆವರುತ್ತ ಬೆವರುತ್ತ. ನಾನು ಟೇಬಲ್ಲು ಹಿಡಿದುಕೊಂಡು, "ನನ್ನ ಹಾರ್ಟು, ಯಾರನ್ನಾದರೂ ಕರೀರಿ" ಎಂದು ಇಂಗ್ಲಿಷಿನಲ್ಲಿ ಹೇಳಿ ಅಲ್ಲೇ ಕಾರ್ಪೆಟ್ಟಿನ ಮೇಲೆ ಕೂತುಬಿಟ್ಟೆ.

ಎಮರ್ಜೆನ್ಸಿಯಲ್ಲಿ ಎದೆಗೆ ವೈರು ಅಂಟಿಸಿದರು, ರಕ್ತ ತೆಗೆದರು. ನನ್ನ ಮಗಳಿಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳಿರಬಹುದಾದ ಡಾಕ್ಟರ್ ಬಂದು ಇಸಿಜಿ ಚೆನ್ನಾಗಿದೆ ಎಂದಳು. ಆಮೇಲೆ, ಕೊನೆಯ ಸಲ ಪೀರಿಯಡ್ಸ್ ಆದದ್ದು ಯಾವಾಗ ಎಂದು ಕೇಳಿದಳು. ನಾನು ತಿಂಗಳು ಎಣಿಸಿದೆ. ಯುಗಾದಿಗೆ ಮುಂಚೆಯೋ, ಶಿವರಾತ್ರಿಯ ಹೊತ್ತಿಗೋ?

"ಹಾಗಾದರೆ ಒಂದು ಪ್ರೆಗ್ನೆನ್ಸಿ ಟೆಸ್ಟ್ ಕೂಡ ಮಾಡಿಬಿಡೋಣ" ಎಂದು ಆಕೆ ಹೊರಟುಹೋದಳು.

ನನಗೆ ನಲವತ್ತೇಳು. ಮಗಳು ಸಿಡ್ನಿಯಲ್ಲಿ ಯೂನಿವರ್ಸಿಟಿಯ ಎರಡನೆಯ ವರ್ಷದಲ್ಲಿದ್ದಳು. ಆ ಪರದೆಯ ಹಿಂದೆ ಮಲಗಿ ಕಾದಷ್ಟು ಹೊತ್ತೂ ನನ್ನ ತಲೆಯಲ್ಲಿ ಓಡಿದ್ದು ಕಾಯಿಲೆಯ ಯೋಚನೆಯಲ್ಲ, ಮಗುವಿನದೂ ಅಲ್ಲ; ಜನ ಏನಂದಾರು ಎಂಬ ಒಂದೇ ಮಾತು. ಮದುವೆ ವಯಸ್ಸಿಗೆ ಬಂದ ಮಗಳನ್ನು ಇಟ್ಟುಕೊಂಡು ಇವಳು ಬಸುರಿ. ಹದಿನೇಳು ವರ್ಷ ಈ ದೇಶದಲ್ಲಿ ಬಾಳಿದ ನನ್ನೊಳಗೆ ಆ ಮಾತು ಅಷ್ಟು ಗಟ್ಟಿಯಾಗಿ ಕೂತಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಟೆಸ್ಟ್ ನೆಗೆಟಿವ್ ಬಂತು. ಡಾಕ್ಟರ್ ಸ್ಟೂಲು ಎಳೆದುಕೊಂಡು ಕೂತು, ಹೃದಯಕ್ಕೇನೂ ಆಗಿಲ್ಲ, ಇದು ಮೆನೋಪಾಸಿನ ಶುರು ಇರಬಹುದು, ನಿಮ್ಮ ಮಾಮೂಲಿ ಡಾಕ್ಟರ್, ಜಿಪಿ ಹತ್ತಿರ ಹೋಗಿ ಮಾತಾಡಿ ಎಂದಳು. ಸಮಾಧಾನವಾಗಬೇಕಿತ್ತು. ಬದಲಿಗೆ ಕೆನ್ನೆಗೆ ಯಾರೋ ಹೊಡೆದಂತಾಯಿತು. ಅದು ಅರವತ್ತರ ಹೆಂಗಸರಿಗೆ ಆಗುವುದೆಂದು ನಾನು ನಂಬಿದ್ದೆ. ಹೇಗೆ ನಂಬಿದೆನೋ, ಯಾರು ಹೇಳಿದ್ದರೋ! ಯಾರೂ ಏನೂ ಹೇಳಿರಲಿಲ್ಲ ಎಂಬುದೇ ನಿಜ.

ಗಂಡ ಎರಡು ಜಾಕೆಟ್ ಹಿಡಿದುಕೊಂಡು ಓಡಿಬಂದಿದ್ದ. "ಹಾರ್ಟ್ ಅಲ್ವಲ್ಲ, ಸಾಕು ಬಿಡು" ಎಂದ. ಟಾರ್ನೀಟಿನ ನಮ್ಮ ಮನೆ ಮುಟ್ಟುವವರೆಗೂ ಅವನು ಕಾರಿನ ಹೀಟರ್ ಹಾಕುವುದು, ನಾನು ಆರಿಸುವುದು ನಡೆದೇ ಇತ್ತು.

ಆ ಚಳಿಗಾಲ ಅಮ್ಮ ನಮ್ಮ ಜೊತೆಗಿದ್ದಳು. ತಿಪಟೂರಿನಿಂದ ವಿಸಿಟರ್ ವೀಸಾದಲ್ಲಿ ಬಂದವಳು, ಅರವತ್ತೇಳು ವಯಸ್ಸು. ನಾನು ಒಳಗೆ ಬರುವಾಗ ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ವಿಷಯ ಕೇಳಿ ಒಲೆಯ ಕಡೆಗೇ ತಿರುಗಿಕೊಂಡು, "ಅಷ್ಟೇನಾ? ನಿಲ್ತಾ ಇದೆ. ಎಲ್ಲರಿಗೂ ನಿಲ್ಲುತ್ತೆ" ಅಂದಳು.

"ನಿನಗೂ ಹೀಗೇ ಬೆಂಕಿ ಹೊತ್ತಿಕೊಂಡ ಹಾಗೆ ಆಗ್ತಿತ್ತಾ?"

"ಆಗ್ತಿತ್ತು. ಹಿತ್ತಲಿಗೆ ಹೋಗಿ ನಿಂತ್ಕೋತಿದ್ದೆ."

"ಒಂದು ಸಲನಾದ್ರೂ ನನಗೆ ಹೇಳಬಾರದಿತ್ತಾ ಅಮ್ಮ? ನಾನು ಸತ್ತೇ ಹೋದೆ ಅಂದುಕೊಂಡೆ."

"ಹೇಳೋಕೇನಿದೆ ಅದರಲ್ಲಿ? ಕೂದಲು ಬೆಳ್ಳಗಾಗುತ್ತೆ ಅಂತ ಹೇಳಿಕೊಟ್ಟಿದ್ನಾ ನಿನಗೆ?" ಎಂದು ಸಾರಿನ ಪಾತ್ರೆಗೆ ಮುಚ್ಚಳ ಹಾಕಿದಳು.

ಜುಲೈನಲ್ಲಿ ಅಮ್ಮನೂ ನಾನೂ ಮಗಳನ್ನು ನೋಡಲು ಸಿಡ್ನಿಗೆ ಹೋದೆವು. ಅವಳು ಎಪ್ಪಿಂಗ್‌ನಲ್ಲಿ ಒಂದು ಅಪಾರ್ಟ್‌ಮೆಂಟಿನಲ್ಲಿ ಗೆಳತಿಯ ಜೊತೆ ರೆಂಟಿಗಿದ್ದಳು. ಗೆಳತಿ ರಜಕ್ಕೆ ಊರಿಗೆ ಹೋಗಿದ್ದಳು. ಅಜ್ಜಿಗೆ ಸಮುದ್ರ ತೋರಿಸಬೇಕೆಂದು ಮಗಳು ಶನಿವಾರಕ್ಕೆ ತಿಮಿಂಗಿಲ ನೋಡುವ ಬೋಟ್ ಬುಕ್ ಮಾಡಿದ್ದಳು. ಆ ಹೊತ್ತಿನಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳು ದಕ್ಷಿಣದ ಹಿಮದ ಕಡಲಿನಿಂದ ಸಿಡ್ನಿಯ ಮಗ್ಗುಲಲ್ಲೇ ಉತ್ತರದ ಬೆಚ್ಚನೆಯ ನೀರಿಗೆ ಮರಿ ಹಾಕಲು ಹೋಗುತ್ತವೆ.

ಅಮ್ಮ ಸೀರೆಯ ಮೇಲೆ ನನ್ನ ಪಫರ್ ಜಾಕೆಟ್ ಹಾಕಿ, ಮಂಕಿ ಕ್ಯಾಪ್ ಎಳೆದುಕೊಂಡು, ಬೋಟಿನ ಕಂಬಿ ಹಿಡಿದು ಕೂತಳು. ಬಂದರು ದಾಟಿ ತೆರೆದ ಸಮುದ್ರಕ್ಕೆ ಬಂದದ್ದೇ ಬೋಟು ಎದ್ದು ಬಿದ್ದು ಮಾಡತೊಡಗಿತು. ಸುತ್ತ ಕೂತವರು ಪೇಪರ್ ಚೀಲಕ್ಕೆ ಮುಖ ಹಾಕಿದರು. ಅಮ್ಮ ಒಣಶುಂಠಿ ಅಗಿಯುತ್ತ ನೆಟ್ಟಗೆ ನೋಡುತ್ತಿದ್ದಳು. ಆಮೇಲೆ, ಯಾವ ಸೂಚನೆಯೂ ಇಲ್ಲದೆ, ನಮ್ಮ ಪಕ್ಕದಲ್ಲೇ ನೀರು ಕಪ್ಪಾಗಿ ಉಬ್ಬಿತು. ಬುಸ್ಸೆಂದು ಉಸಿರು ಮೇಲಕ್ಕೆ ಚಿಮ್ಮಿ ನಮ್ಮ ಮುಖದ ಮೇಲೆ ಉದುರಿತು. ಕೊಳೆತ ಮೀನಿನ ವಾಸನೆ. ನಾನು ಕಿರುಚಿದೆ. ಅಷ್ಟು ದೊಡ್ಡ ಜೀವ ಅಷ್ಟು ಹತ್ತಿರದಲ್ಲಿ ಉಸಿರು ಬಿಟ್ಟದ್ದನ್ನು ಕೇಳಿದರೆ ಯಾರಾದರೂ ಕಿರುಚುತ್ತಾರೆ. ಅಮ್ಮ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡು, "ಬಸುರಿ ಏನೇ ಅದು?" ಎಂದಳು.

ಮಗಳು ಆ ಪ್ರಶ್ನೆಯನ್ನು ಬೋಟಿನ ಗೈಡ್‌ಗೆ ದಾಟಿಸಿದಳು. ಗೈಡ್ ಐವತ್ತೈದರ ಆಸುಪಾಸಿನ ಹೆಂಗಸು, ನರೆತ ಕೂದಲನ್ನು ಹಾಗೇ ಬಿಟ್ಟವಳು. ಇರಬಹುದು, ಹೊರಗಿನಿಂದ ಹೇಳುವುದು ಕಷ್ಟ ಎಂದಳು. ಆಮೇಲೆ ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ ಮಾತು ಮುಂದುವರಿಸಿದಳು. ಈ ಹಂಪ್‌ಬ್ಯಾಕ್‌ಗಳು ಮುಪ್ಪಿನವರೆಗೂ ಹೆರುತ್ತವೆ. ಬಹುಪಾಲು ಪ್ರಾಣಿಗಳೂ ಅಷ್ಟೇ, ಹೆರುವ ಶಕ್ತಿ ಮುಗಿಯುವ ಹೊತ್ತಿಗೆ ಆಯುಷ್ಯವೂ ಮುಗಿದಿರುತ್ತದೆ. ಹೆರುವುದು ನಿಂತ ಮೇಲೂ ಹತ್ತಾರು ವರ್ಷ ಬದುಕುವ ಹೆಣ್ಣುಗಳು ಲೋಕದಲ್ಲಿ ಬಹಳ ಕಡಿಮೆ. ಹಲ್ಲಿರುವ ತಿಮಿಂಗಿಲಗಳ ಬಳಗದ ಕೆಲವು ಜಾತಿಗಳು, ಅದರಲ್ಲೂ ಓರ್ಕಾ. "ಅವುಗಳನ್ನು ಬಿಟ್ಟರೆ ನಾವು" ಎಂದು ಆಕೆ ತನ್ನ ಎದೆ ಮುಟ್ಟಿಕೊಂಡು ನಕ್ಕಳು. "ನಾನೂ ಆ ಬಳಗಕ್ಕೆ ಸೇರಿ ನಾಲ್ಕು ವರ್ಷವಾಯಿತು."

ಎಲ್ಲ ಪ್ರಾಣಿಗಳಿಗೂ ವಯಸ್ಸಾದ ಮೇಲೆ ನಿಲ್ಲುತ್ತದೆ, ಅದೇ ಮುಪ್ಪು, ಯಂತ್ರ ಹಳತಾಗುವುದು ಅಂದರೆ ಇದೇ ಎಂದುಕೊಂಡಿದ್ದೆ. ಹಾಗಲ್ಲವಂತೆ. ಆಸ್ಪತ್ರೆಯಿಂದ ಬಂದ ದಿನದಿಂದ ನಾನು ಮುಗಿದುಹೋದವಳು ಎಂದು ಕೊರಗುತ್ತಿದ್ದೆನಲ್ಲ, ಅದನ್ನು ಈಕೆ ಸಾವಿರಾರು ಜಾತಿಗಳ ನಡುವೆ ಕೆಲವರಿಗೆ ಮಾತ್ರ ಸಿಕ್ಕ ಹೆಚ್ಚಿನ ಆಯುಷ್ಯ ಎನ್ನುತ್ತಿದ್ದಳು.

"ಏನಂತೆ?" ಎಂದು ಅಮ್ಮ ಮೊಣಕೈಯಿಂದ ತಿವಿದಳು. ಅಷ್ಟು ಜನರ ನಡುವೆ 'ಮುಟ್ಟು' ಎಂಬ ಮಾತನ್ನು ನಾನು ಗಟ್ಟಿಯಾಗಿ ಆಡಿದ್ದು ಅದೇ ಮೊದಲು. ಅಮ್ಮ ತಲೆದೂಗಿದಳು. "ಹೌದು, ಹಸು ಮುದಿಯಾದ್ರೂ ಗಬ್ಬ ಆಗುತ್ತೆ. ನಿಂತುಹೋದ್ರೆ ಗೊಡ್ಡು ಅಂತ ಮಾರಿಬಿಡ್ತಾರೆ."

ಗೈಡ್ ಓರ್ಕಾ ಅಜ್ಜಿಯರ ಕಥೆ ಹೇಳುತ್ತಿದ್ದಳು. ಮೀನು ಸಿಗದ ವರ್ಷಗಳಲ್ಲಿ ಹಿಂಡಿನ ಮುಂದೆ ಈಜುವುದು ಅವರೇ. ಎಲ್ಲಿ ಹುಡುಕಬೇಕೆಂದು ನೆನಪಿರುವುದು ಅವರಿಗೇ. ಗಂಡುಮಕ್ಕಳು ಎಷ್ಟು ದೊಡ್ಡವರಾದರೂ ತಾಯಿ ಹಿಡಿದ ಮೀನಿನಲ್ಲಿ ಪಾಲು ಪಡೆಯುತ್ತಾರೆ. ಹಾಗಾದರೆ ಹೆರುವುದನ್ನು ನಿಲ್ಲಿಸುವುದೇಕೆ, ಹೆರುತ್ತಲೇ ಇದನ್ನೂ ಮಾಡಬಹುದಲ್ಲ ಎಂದು ಯಾರೋ ಕೇಳಿದರು. ವಿಜ್ಞಾನಿಗಳ ಒಂದು ವಿವರಣೆ ಇದೆ ಎಂದಳು ಗೈಡ್. ತಾಯಿ, ಮಗಳು ಒಂದೇ ಹಿಂಡಿನಲ್ಲಿ ಬಾಳುತ್ತಾರೆ. ಇಬ್ಬರೂ ಒಂದೇ ಕಾಲಕ್ಕೆ ಮರಿ ಹಾಕಿದರೆ ಎರಡೂ ಮರಿಗಳಿಗೆ ಸಾಲುವಷ್ಟು ಆಹಾರ ಇರುವುದಿಲ್ಲ. ಆಗ ಹೆಚ್ಚಾಗಿ ಸಾಯುವುದು ವಯಸ್ಸಾದವಳ ಮರಿ.

ನಾನು ಅದನ್ನೂ ಕನ್ನಡಕ್ಕೆ ತಿರುಗಿಸಿ ಹೇಳಿದೆ. ಅಮ್ಮ ಶುಂಠಿ ಅಗಿಯುವುದನ್ನು ನಿಲ್ಲಿಸಿದಳು. ಬಹಳ ಹೊತ್ತು ನೀರನ್ನೇ ನೋಡಿದಳು. ಅಲ್ಲಿ ತಿಮಿಂಗಿಲ ಇರಲಿಲ್ಲ.

"ನಿಮ್ಮಜ್ಜಿಗೂ ಹಾಗೇ ಆಯ್ತು" ಅಂದಳು.

"ಯಾವ ಅಜ್ಜಿ?"

"ಇನ್ಯಾವ ಅಜ್ಜಿ? ನಮ್ಮತ್ತೆ."

ಅಷ್ಟರಲ್ಲಿ ಇನ್ನೊಂದು ತಿಮಿಂಗಿಲ ಬಾಲ ಎತ್ತಿ ಹೊಡೆಯಿತು, ಜನ ಕೂಗಿ ಆ ಕಡೆಗೆ ನುಗ್ಗಿದರು, ಬೋಟು ವಾಲಿತು. ನಾನು ಬಾಲ ನೋಡಲಿಲ್ಲ. ಅಮ್ಮನ ಮುಖವನ್ನೇ ನೋಡುತ್ತಿದ್ದೆ.

ಉಳಿದದ್ದನ್ನು ಅವಳು ಹೇಳಿದ್ದು ಮಧ್ಯಾಹ್ನ, ಹ್ಯಾರಿಸ್ ಪಾರ್ಕ್ ಬಡಾವಣೆಯ ಒಂದು ಇಂಡಿಯನ್ ಹೋಟೆಲಿನಲ್ಲಿ. ಅಕ್ಕಪಕ್ಕದ ಟೇಬಲ್ಲುಗಳಲ್ಲಿ ಹಿಂದಿ, ಗುಜರಾತಿ. ಕನ್ನಡ ಯಾರಿಗೂ ಬಾರದೆಂಬ ಧೈರ್ಯವೋ, ಸಮುದ್ರದ ಗಾಳಿಯ ಗುಣವೋ, ದೋಸೆ ಮುರಿಯುತ್ತಾ ಅವಳು ಹೇಳುತ್ತಾ ಹೋದಳು. ಮಗಳು ಎದುರಿಗೆ ಕೂತಿದ್ದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಅಮ್ಮ ತಿಪಟೂರಿನ ಆ ಮನೆಗೆ ಹಿರಿಯ ಸೊಸೆಯಾಗಿ ಬಂದಾಗ ಅವಳಿಗೆ ಹದಿನೆಂಟು. ಮಾರನೆಯ ವರ್ಷ ಬಸುರಾದಳು, ಹೊಟ್ಟೆಯಲ್ಲಿದ್ದದ್ದು ನಾನು. ಅವಳ ತಾಯಿ ಮೊದಲೇ ತೀರಿಕೊಂಡಿದ್ದರಿಂದ ಬಾಣಂತನಕ್ಕೆ ತವರಿರಲಿಲ್ಲ. ಎಲ್ಲವನ್ನೂ ಅತ್ತೆಯೇ ನೋಡಿಕೊಳ್ಳಬೇಕಿತ್ತು. ಆದರೆ ಅತ್ತೆ ಯಾಕೋ ನಲ್ಲಿಯ ಹತ್ತಿರ ಹೋಗುವುದನ್ನು ಬಿಟ್ಟರು. ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟರು. ಮನೆಯೊಳಗೂ ಸೆರಗು ಹೊದ್ದೇ ಓಡಾಡುತ್ತಿದ್ದರು.

"ಒಂದಿನ ಬಚ್ಚಲುಮನೇಲಿ ಬಗ್ಗಿ ನೀರು ತುಂಬ್ತಾ ಇದ್ರು. ಹಿಂದಿನಿಂದ ನೋಡಿದೆ. ನನಗೆ ಗೊತ್ತಾಗಿ ಹೋಯ್ತು. ಅವರೂ ತಿರುಗಿ ನೋಡಿದ್ರು. ಅವರ ಕಣ್ಣಲ್ಲಿ ನೀರು ತುಂಬ್ಕೊಂಡಿತ್ತು. ಸೊಸೆ ಬಂದ ಮನೇಲಿ ಅತ್ತೆ ಬಸುರಿ ಅಂದ್ರೆ ಊರೆಲ್ಲ ನಗೋದು ಕಣೆ."

ನಾನು ಕಂಡ ಅಜ್ಜಿ ಗಟ್ಟಿ ಧ್ವನಿಯ, ಯಾರಿಗೂ ಬಗ್ಗದ ಹೆಂಗಸು. ಆಕೆ ಬಚ್ಚಲಿನಲ್ಲಿ ಅತ್ತದ್ದನ್ನು ನನಗೆ ಊಹಿಸಲೂ ಆಗಲಿಲ್ಲ.

ಇಬ್ಬರೂ ಹೆತ್ತದ್ದು ಒಂದೇ ತಿಂಗಳಲ್ಲಿ. ಮೊದಲು ಅತ್ತೆ, ಗಂಡು ಮಗು. ಆಮೇಲೆ ಸೊಸೆ, ನಾನು. ನಾನು ಹುಟ್ಟಿದ ಮೇಲೆ ಅಮ್ಮನಿಗೆ ನಂಜೇರಿ ಜ್ವರ ಬಂತು. ಮೈಮೇಲೆ ಪ್ರಜ್ಞೆ ಇರಲಿಲ್ಲ, ಹಾಲು ಬತ್ತಿಹೋಯಿತು. ಡಬ್ಬಿಯ ಪೌಡರ್ ಹಾಲು ಕಲಸಿ ಕೊಟ್ಟರೆ ನಾನು ವಾಂತಿ ಮಾಡುತ್ತಿದ್ದೆನಂತೆ. ಹಸುವಿನ ಹಾಲೂ ಒಗ್ಗಲಿಲ್ಲ. ಹೆಗ್ಗಣದ ಮರಿಯ ಹಾಗೆ ಆಗಿದ್ದೆ ಎಂದಳು ಅಮ್ಮ.

"ನನಗೆ ಎಚ್ಚರ ಬಂದಾಗ ನೋಡ್ತೀನಿ, ಅವರು ಗೋಡೆಗೆ ಒರಗಿ ಕೂತಿದ್ದಾರೆ. ಒಂದು ತೊಡೆ ಮೇಲೆ ಅವನು, ಒಂದು ತೊಡೆ ಮೇಲೆ ನೀನು."

"ಮತ್ತೆ ಆ ಮಗು?"

ಅಮ್ಮ ಚಟ್ನಿಯ ಬಟ್ಟಲನ್ನು ಅತ್ತ ಸರಿಸಿದಳು. "ನೀನು ತುಂಬಾ ಬಡಕಲಾಗಿದ್ದೆ. ಮೊದಲು ನಿನಗೆ ಕುಡಿಸೋರು. ಉಳಿದಿದ್ದು ಅವನಿಗೆ. ಅವರಿಗೂ ವಯಸ್ಸಾಗಿತ್ತು, ಎರಡು ಮಕ್ಕಳಿಗೆ ಆಗುವಷ್ಟು ಹಾಲು ಎಲ್ಲಿ ಬರುತ್ತೆ? ಅವನಿಗೆ ಮೇಲಿನ ಹಾಲು ಶುರು ಮಾಡಿದ್ರು. ಮೂರನೇ ತಿಂಗಳಲ್ಲಿ ಭೇದಿ ಹಿಡೀತು. ಒಂದು ಹಗಲು, ಅಷ್ಟೇ."

ಮಗಳು ಫೋನ್ ಕೆಳಗಿಟ್ಟಳು. ನಾನು ನನ್ನ ತೋಳುಗಳನ್ನು ನೋಡಿಕೊಂಡೆ. ನಲವತ್ತೇಳು ವರ್ಷ ನನ್ನದೆಂದುಕೊಂಡಿದ್ದ ಈ ಮೈ, ಈ ಎಲುಬು, ಇನ್ನೊಂದು ಮಗುವಿನ ಬಾಯಿಂದ ತೆಗೆದು ಕೊಟ್ಟ ಹಾಲಿನಲ್ಲಿ ಬೆಳೆದದ್ದು. ನನಗೆ ಒಬ್ಬ ಚಿಕ್ಕಪ್ಪ ಇದ್ದ, ನನಗಿಂತ ಕೆಲವೇ ದಿನಗಳಿಗೆ ದೊಡ್ಡವನು, ಮತ್ತು ಅವನ ಪಾಲನ್ನು ನಾನು ಕುಡಿದಿದ್ದೆ.

"ಅವರು ಬೇಕಂತ ಹಾಗೆ ಮಾಡಿದ್ರಾ?"

"ಯಾರಿಗೆ ಗೊತ್ತು. ಒಂದೇ ಸಲ ಹೇಳಿದ್ದು ನನ್ನ ಹತ್ರ. ಅವನು ಹೋದ ಮೇಲೆ. 'ನನಗೆ ನಾಲ್ಕವೆ. ನಿನಗಿದೊಂದೇ' ಅಂದ್ರು. ಆಮೇಲೆ ಆ ಮಾತು ಎತ್ತಲಿಲ್ಲ. ನಾನೂ ಕೇಳಲಿಲ್ಲ." ಆಮೇಲೆ ನನ್ನನ್ನಲ್ಲ, ಮಗಳನ್ನು ನೋಡುತ್ತಾ ಹೇಳಿದಳು: "ಅವತ್ತು ಎಲ್ಲರೂ ಅಳ್ತಿದ್ರು. ನನಗೆ ಅಳು ಬರಲಿಲ್ಲ. ಇನ್ಮೇಲೆ ಹಾಲೆಲ್ಲ ನನ್ನ ಮಗೂಗೇ ಅನ್ನಿಸ್ತು. ಹತ್ತೊಂಬತ್ತು ವರ್ಷ ನನಗೆ. ಹಾಗೆ ಅನ್ನಿಸ್ತು."

ಮಗಳು ಕೈ ಚಾಚಿ ಅಜ್ಜಿಯ ಮಣಿಕಟ್ಟು ಹಿಡಿದುಕೊಂಡಳು. "ಡಿಡ್ ಹಿ ಹ್ಯಾವ್ ಅ ನೇಮ್, ಅಜ್ಜಿ?" ಎಂದು ಕೇಳಿದಳು. ಇಬ್ಬರಿಗೂ ಒಂದೇ ದಿನ ನಾಮಕರಣ ಮಾಡಿದ್ದರಂತೆ. ಅಮ್ಮ ಹೆಸರು ಹೇಳಿದಳು. ಅದು ನಮ್ಮ ಮನೆಯಲ್ಲಿ ಆಮೇಲೆ ಯಾರಿಗೂ ಇಡದ ಹೆಸರು. ನಾನೂ ಇಲ್ಲಿ ಬರೆಯುವುದಿಲ್ಲ.

ನನ್ನ ಅಜ್ಜಿಗೆ ಅದಾದ ಮೇಲೆ ಮುಟ್ಟು ಬರಲೇ ಇಲ್ಲವಂತೆ. ಹೋಗಲಿ ಬಿಡು, ಒಳ್ಳೆಯದೇ ಆಯಿತು ಎಂದರಂತೆ ಬಂಧುಗಳು.

ನನಗೆ ಆಗ ಒಂದೊಂದಾಗಿ ನೆನಪಾಗತೊಡಗಿತು. ನಮ್ಮ ಬೀದಿಯಲ್ಲಿ ಯಾವ ಮಗುವಿಗೆ ಭೇದಿಯಾದರೂ ಅಜ್ಜಿ ಕರೆಯದೆಯೇ ಹೋಗುತ್ತಿದ್ದರು. ಕಾಯಿಸಿ ಆರಿಸಿದ ನೀರಿನ ಚೊಂಬು, ಮಕ್ಕಳಿಗೆ ಕುಡಿಸುವ ಒಳಲೆ, ಒಂದು ಪೊಟ್ಟಣದಲ್ಲಿ ಸಕ್ಕರೆ ಉಪ್ಪು. ಜಾತಿ ನೋಡುತ್ತಿರಲಿಲ್ಲ, ಜಗಳವಿದ್ದ ಮನೆ ಎಂದು ನೋಡುತ್ತಿರಲಿಲ್ಲ. ಮಗುವಿನ ಕಣ್ಣು ಗುಳಿ ಬಿದ್ದಿದೆಯೇ, ನಾಲಿಗೆ ಒಣಗಿದೆಯೇ ನೋಡಿ, ತೊಡೆಯ ಮೇಲೆ ಹಾಕಿಕೊಂಡು ಹನಿಹನಿಯಾಗಿ ಕುಡಿಸುತ್ತಾ ಕೂತುಬಿಡುವರು. ಮಗು ಉಚ್ಚೆ ಹೊಯ್ಯುವವರೆಗೂ ಏಳುತ್ತಿರಲಿಲ್ಲ. ತಾಯಂದಿರನ್ನು ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ನನ್ನ ಜೊತೆ ಓದುತ್ತಿದ್ದವರು ಅವರನ್ನು ಒಳಲೆಯಜ್ಜಿ ಎಂದು ಆಡಿಕೊಳ್ಳುತ್ತಿದ್ದರು. ನನಗೆ ಅವಮಾನವಾಗುತ್ತಿತ್ತು. ಈ ಮುದುಕಿಗೆ ಬೇರೆ ಕೆಲಸವಿಲ್ಲವೇ ಎಂದುಕೊಳ್ಳುತ್ತಿದ್ದೆ. ಎಷ್ಟು ಮಕ್ಕಳು ಆ ತೊಡೆಯ ಮೇಲಿಂದ ಎದ್ದು ಹೋದವೋ ಯಾರೂ ಲೆಕ್ಕ ಇಟ್ಟಿಲ್ಲ.

ನನ್ನ ಮಗಳು ಹುಟ್ಟಿದಾಗಲೂ ಕಾಲ ಮೇಲೆ ಹಾಕಿಕೊಂಡು ಎಣ್ಣೆ ನೀರು ಹಾಕಿದವರು ಅವರೇ. ಆಗ ಎಪ್ಪತ್ತರ ಹತ್ತಿರ. ಮಗು ಕಿರುಚುತ್ತಿದ್ದರೆ ನಗುತ್ತಿದ್ದರು. ಆದರೆ ನನ್ನ ಹುಟ್ಟುಹಬ್ಬಗಳಲ್ಲಿ ಮಾತ್ರ ಅವರು ಪಾಯಸ ಮುಟ್ಟುತ್ತಿರಲಿಲ್ಲ. ಮೊದಲ ಮೊಮ್ಮಗು ಹೆಣ್ಣಾಯಿತೆಂಬ ಸಿಟ್ಟು ಎಂದು ನಾನು ಬಹಳ ವರ್ಷ ನಂಬಿದ್ದೆ.

ರೈಲಿನಲ್ಲಿ ಎಪ್ಪಿಂಗಿಗೆ ವಾಪಸು ಬರುವಾಗ ಮಗಳು ಯೋಚಿಸುತ್ತಾ ಹೇಳಿದಳು. ಓರ್ಕಾಗಳಲ್ಲಿ ತಾಯಿ, ಮಗಳು. ನಮ್ಮಲ್ಲಿ ಮಗಳು ಹೊರಟುಹೋಗುತ್ತಾಳೆ, ಹೊರಗಿನಿಂದ ಸೊಸೆ ಬರುತ್ತಾಳೆ. ಹಾಗಿದ್ದರೂ ಅದೇ ಆಯಿತಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಮ್ಮ ಅದನ್ನು ಎಷ್ಟು ಅರ್ಥಮಾಡಿಕೊಂಡಳೋ, "ಸೊಸೆಗೆ ಅಂತ ತನ್ನ ಮಗೂನ ಯಾವ ತಿಮಿಂಗಿಲ ಬಿಡುತ್ತೆ?" ಎಂದಳು. ಅಜ್ಜಿ ಬಿಟ್ಟರೋ, ಬಿಡಬೇಕಾಗಿ ಬಂತೋ, ಇಬ್ಬರನ್ನೂ ಉಳಿಸಿಕೊಳ್ಳುತ್ತೇನೆಂದು ಕೊನೆಯವರೆಗೂ ನಂಬಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳೋಣವೆಂದರೆ ಅವರು ಹೋಗಿ ಎಂಟು ವರ್ಷವಾಗುತ್ತ ಬಂತು.

ಆ ಸಂಜೆ ನಾನು ಮಗಳಿಗೆ ನನ್ನ ವಿಷಯವನ್ನೂ ಬಿಡಿಸಿ ಹೇಳಿದೆ. ಬೆಂಕಿಯಂಥ ಸೆಕೆ, ನಿದ್ದೆಗೇಡು, ಕಾರಣವಿಲ್ಲದ ಅಳು, ಆಸ್ಪತ್ರೆಯ ಪರದೆಯ ಹಿಂದೆ ಪಟ್ಟ ನಾಚಿಕೆ, ಎಲ್ಲ. ಅವಳಿಗೂ ಒಂದು ದಿನ ಬರುತ್ತದೆ, ಆಗ ಹಾರ್ಟ್ ಅಟ್ಯಾಕ್ ಎಂದುಕೊಳ್ಳಬಾರದು ಎಂದೆ. ಅಮ್ಮ ಸೋಫಾದ ಮೇಲೆ ಕಾಲು ಮಡಚಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು. "ನನಗೆ ಮೊಣಕಾಲೂ ನೋಯ್ತಿತ್ತು, ಅದನ್ನೂ ಹೇಳು" ಎಂದು ಮಧ್ಯೆ ಸೇರಿಸಿದಳು.

ಮಾರನೆಯ ಬೆಳಿಗ್ಗೆ ಬಾಲ್ಕನಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದಾಗ ಮಗಳು ನನ್ನ ಅಜ್ಜಿಯ ಫೋಟೋ ಇದೆಯೇ ಎಂದು ಕೇಳಿದಳು. ಅಮ್ಮನ ಫೋನಿನಲ್ಲಿ, ಯಾರೋ ನೆಂಟರು ಕಳಿಸಿದ್ದ ಒಂದು ಹಳೆಯ ಮದುವೆ ಫೋಟೋ ಇತ್ತು. ಸಾಲಾಗಿ ನಿಂತ ಹೆಂಗಸರು. ನಡುವೆ ಅಜ್ಜಿ, ಆಗಲೇ ಅರ್ಧ ನರೆತ ತಲೆ, ಮುಖ ಗಂಟಿಕ್ಕಿದೆ. ಅವರ ಸೆರಗು ಹಿಡಿದು ನಿಂತಿರುವ ನಾಲ್ಕು ವರ್ಷದ ಮಗು ನಾನು.

"ಹೌ ಓಲ್ಡ್ ಈಸ್ ಶೀ ಹಿಯರ್?" ಎಂದು ಮಗಳು ಫೋಟೋ ದೊಡ್ಡದು ಮಾಡಿದಳು.

ಅಮ್ಮ ಬೆರಳು ಮಡಚಿದಳು. ಅಪ್ಪ ಹುಟ್ಟಿದಾಗ ಅಜ್ಜಿಗೆ ಹದಿನಾರು. ನಾನು ಹುಟ್ಟಿದಾಗ ನಲವತ್ತೊಂದು. "ಇಲ್ಲಿ ನಲವತ್ತೈದು ಇರಬೇಕು" ಎಂದಳು.

ನಾನು ಫೋನನ್ನು ಕಿತ್ತುಕೊಂಡೆ. ನನ್ನ ನೆನಪಿನಲ್ಲಿ ಯಾವತ್ತೂ ಮುದುಕಿಯಾಗಿಯೇ ಇದ್ದ ಹೆಂಗಸು ಆ ಫೋಟೋದಲ್ಲಿ ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಅಲ್ಲಿಂದ ಮುಂದೆ ಮೂವತ್ತೈದು ವರ್ಷ ಆಕೆ ಬದುಕಿದ್ದಳು. ಅಷ್ಟೂ ವರ್ಷ ಬೀದಿಯವರೆಲ್ಲ ಅಜ್ಜಿ ಅಂದರು, ಮನೆಯವರೂ ಅಂದರು, ನಾನೂ ಅಂದೆ. ಮೊದಲ ಸಲ ಆ ಮುಖದಲ್ಲಿ ಸುಕ್ಕು ಹುಡುಕಿದೆ. ಒಂದೂ ಇರಲಿಲ್ಲ.

"ಚಿಕ್ಕವರೇ ಆಗಿದ್ರು ಕಣೆ" ಎಂದಳು ಅಮ್ಮ. ಅವಳಿಗೂ ಅದು ಆಗಷ್ಟೇ ಗೊತ್ತಾದ ಹಾಗಿತ್ತು.